ಸೋರುವ ಮರಿಗೆ ಬೈಗುಳ ಮದ್ದಲ್ಲ

"ಈ ಅಂಗಡೀಲಿ ಒಣಗಿರೋ ಜಾಗ ಅನ್ನೋದು ಒಂದಾದ್ರೂ ಉಳಿದಿದ್ಯಾ?"

ಬಿಳಿಯಮ್ಮ ಕೇಳಿದ್ದು ಯಾರನ್ನೂ ಅಲ್ಲ. ಬೆಳಗಿನ ಹೊತ್ತು, ಅಂಗಡಿಯ ಬಾಗಿಲು ಆಗಷ್ಟೇ ತೆರೆದಿತ್ತು. ಎದುರಿಗಿದ್ದದ್ದು ಗೋಡೆ, ಇಸ್ತ್ರಿ ಮೇಜು, ಮೇಜಿನಡಿ ಹಾಸಿದ ಹಳೆಯ ಕಂಬಳಿ. ಕಂಬಳಿಯ ನಡುವೆ ತಟ್ಟೆಯಗಲದ ಒದ್ದೆ. ಮರುಗಳಿಗೆಯಲ್ಲಿ ಕಂಬಳಿ ಸೋಪಿನ ನೀರಿನಲ್ಲಿತ್ತು.

ಬೀದಿಯವರು ಅವರಿಗೆ ಬಿಳಿಯಮ್ಮ ಅಂತ ಹೆಸರಿಟ್ಟದ್ದು ಮೈಬಣ್ಣ ನೋಡಿ ಅಲ್ಲ. ಅವರು ಒಗೆದ ಬಟ್ಟೆ ಅಷ್ಟು ಬೆಳ್ಳಗಿರುತ್ತಿತ್ತು. ಕಲೆ ಕಂಡರೆ ಅವರಿಗೆ ತುತ್ತು ಗಂಟಲಲ್ಲಿ ಇಳಿಯದು. ಅಂಥವರ ಅಂಗಡಿಗೆ ಸೊಸೆ ತಂದುಕೊಂಡಿದ್ದಳು, ಅಂಗಿಯ ಗುಂಡಿಯಂಥ ಕಣ್ಣುಗಳ ಒಂದು ಹೆಣ್ಣು ನಾಯಿಮರಿಯನ್ನು. ಹೆಸರೂ ಗುಂಡಿ ಅಂತಲೇ. ತಾಯಿಹಾಲು ಬಿಟ್ಟ ಹೊಸದರಲ್ಲಿ ಬಂದದ್ದು, ಈಗ ಎತ್ತರವಾಗಿತ್ತು, ಹಾಲುಹಲ್ಲು ಉದುರುತ್ತಿತ್ತು. ಸೋರುವುದು ಮಾತ್ರ ನಿಂತಿರಲಿಲ್ಲ.

"ಏನಕ್ಕಾ, ಇವತ್ತೂ ತುಂತುರು ಮಳೆನಾ?" ಪಕ್ಕದಂಗಡಿಯ ದರ್ಜಿ ಹೊಲಿಗೆ ಯಂತ್ರದ ಮೇಲಿಂದ ಕತ್ತು ಚಾಚಿದ.

"ನಗು ತಮ್ಮಾ, ನಗು. ನಿನ್ನ ಬಟ್ಟೆ ಮೇಲೆ ಬಿದ್ದಾಗ ಗೊತ್ತಾಗುತ್ತೆ."

"ಸಂಜೆ ಮೇಲೆ ನೀರು ಕೊಡ್ಬೇಡಿ. ಮೇಲಿಂದ ಹಾಕದಿದ್ರೆ ಕೆಳಗಿಂದ ಎಲ್ಲಿ ಬರುತ್ತೆ?"

ಮಾತು ನೇರವಾಗಿ ಕಂಡಿತು. ಬಿಳಿಯಮ್ಮ ನೀರಿನ ಬಟ್ಟಲನ್ನು ಎತ್ತಿ ಕಪಾಟಿನ ಮೇಲಿಟ್ಟರು. ಆದರೂ ಮರಿ ಸೋರಿತು. ಒಗೆಯುವ ಕಲ್ಲಿನ ಪಕ್ಕ ನಿಂತಿದ್ದ ಸೋಪಿನ ನೀರನ್ನು ನೆಕ್ಕಲು ಹೋಯಿತು. ಸೊಸೆ ಅದನ್ನು ಕಂಡು ಬಟ್ಟಲನ್ನು ಕೆಳಗಿಳಿಸಿ ತುಂಬಿಸಿದಳು.

ಆ ವಾರವೇ ಎಡವಟ್ಟಾಯಿತು. ವಸತಿಗೃಹದವರ ಬಿಳಿ ಹಾಸುಗಳನ್ನು ಇಸ್ತ್ರಿ ಮಾಡಿ ಗಂಟು ಕಟ್ಟಿಟ್ಟಿದ್ದರು. ಬೆಚ್ಚಗಿತ್ತು ಅಂತ ಗುಂಡಿ ಅದರ ಮೇಲೇರಿ ನಿದ್ದೆ ಹೋಯಿತು. ಗಂಟು ಎತ್ತುವಾಗ ಮೇಲಿನ ಹಾಸುಗಳೆಲ್ಲ ತೊಯ್ದಿದ್ದವು.

ಬಿಳಿಯಮ್ಮ ಕೂಗಾಡಲಿಲ್ಲ. ಅವರು ದನಿ ತಗ್ಗಿಸಿದರೆ ಮನೆಯವರಿಗೆ ಹೆಚ್ಚು ಭಯ. "ಮುಂದಿನ ಗಂಟು ಬರೋದ್ರೊಳಗೆ ಇದು ಈ ಅಂಗಡಿ ಬಿಡ್ಬೇಕು," ಅಂದರು ಮಗನಿಗೆ. "ಊರಾಚೆ ಗೋದಾಮಿನ ಹತ್ರ ಬಿಟ್ಟು ಬಾ. ಅಲ್ಲಿ ನಾಯಿಗಳಿದಾವೆ, ಹೊಂದ್ಕೊಳ್ಳುತ್ತೆ."

ಮಗ ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿದ್ದೂ ಒತ್ತಿದ್ದೇ, ತಲೆಯೆತ್ತಲಿಲ್ಲ. ಸೊಸೆ ಮುಂದೆ ಬಂದಳು.

"ಅತ್ತೆ, ಅದು ಬೇಕಂತ ಮಾಡ್ತಿಲ್ಲ."

"ಬೇಕಂತ ಮಾಡದೆ ನನ್ನ ಮೇಲಿನ ಪ್ರೀತಿಗೆ ಮಾಡ್ತಿದ್ಯಾ?"

"ಹೊರಗೆ ಕರ್ಕೊಂಡು ಹೋದ್ರೆ ಜಾಣೆ ಥರ ಕೂತು ಹೊಯ್ತಾಳೆ. ಕಲಿತಿದ್ದಾಳೆ ಅತ್ತೆ. ಆದ್ರೆ ಬಂದು ಮಲಗಿದ ಮೇಲೂ ತೊಟ್ಟಿಕ್ಕುತ್ತೆ. ನಡೀತಾ ಇದ್ರೂ ಹನಿ ಬೀಳುತ್ತೆ. ಯಾವಾಗ ನೋಡಿದ್ರೂ ಹಿಂದೆ ನೆಕ್ಕೊಳ್ತಾ ಇರ್ತಾಳೆ. ಒಂದ್ಸಲ ಡಾಕ್ಟ್ರಿಗೆ ತೋರಿಸೋಣ."

"ಉಚ್ಚೆ ಹುಯ್ಯೋದಕ್ಕೂ ಡಾಕ್ಟ್ರಾ? ನಿನ್ನ ಗಂಡ ಚಿಕ್ಕೋನಿದ್ದಾಗ ಎಷ್ಟು ಹಾಸಿಗೆ ಒದ್ದೆ ಮಾಡಿದಾನೆ ಗೊತ್ತಾ? ಯಾವ ಡಾಕ್ಟ್ರಿಗೆ ತೋರಿಸಿದ್ದೆ ನಾನು?"

"ಅಮ್ಮಾ!" ಅಂದ ಮಗ.

"ಒಂದೇ ಸಲ ಅತ್ತೆ. ಏನೂ ಇಲ್ಲ ಅಂದ್ರೆ ನಾನೇ ಬಿಟ್ಟು ಬರ್ತೀನಿ."

ಅತ್ತೆ ಅರೆಮನಸ್ಸಿನಿಂದ ಒಪ್ಪಿದರು. ಆದರೆ ಹೊರಟರೆ ಕೊಳಕಾಗಿ ಹೊರಡುವುದು ಬಿಳಿಯಮ್ಮನಿಗೆ ಆಗದ ಮಾತು. ಮರಿಯನ್ನು ಬಟ್ಟೆ ಸೋಪು ಹಾಕಿ ತಿಕ್ಕಿ, ಬಿಸಿ ಟವೆಲಿನಲ್ಲಿ ಒರೆಸಿ, ಬಾಲದ ಕೂದಲನ್ನು ಬಾಚಿದರು. ಸ್ವಚ್ಛ ಬಾಟಲಿಯಲ್ಲಿ ಮೂತ್ರ ಹಿಡಿದು ತನ್ನಿ ಎಂದು ಪಶು ಆಸ್ಪತ್ರೆಯವರು ಫೋನಿನಲ್ಲಿ ಹೇಳಿದ್ದರು. ಸ್ವಚ್ಛ ಎನ್ನುವುದನ್ನು ಇನ್ನೊಬ್ಬರಿಂದ ಕಲಿಯಬೇಕಾದವರೇ ಅವರು? ಬಾಟಲಿಯನ್ನು ಬ್ಲೀಚಿನಲ್ಲಿ ನೆನೆಸಿಟ್ಟು, ಬೋರಲು ಹಾಕಿ ಒಣಗಿಸಿ, ಆಮೇಲೆ ಅದರಲ್ಲಿ ಹಿಡಿದರು.

ಪಶುವೈದ್ಯೆ ಚುರುಕು ಕಣ್ಣಿನ ನಡುವಯಸ್ಸಿನವರು. ಒಂದು ಸಣ್ಣ ಪಟ್ಟಿಯನ್ನು ಮೂತ್ರಕ್ಕೆ ಅದ್ದಿ ನೋಡಿದರು. ಹುಬ್ಬು ಗಂಟಾಯಿತು. "ಸಕ್ಕರೆ ಇದೆ ಅಂತಿದೆ. ರಕ್ತಾನೂ ಇದೆ ಅಂತಿದೆ. ಇಷ್ಟು ಚಿಕ್ಕ ಮರಿಗೆ?"

ಸೊಸೆಯ ಮುಖ ಬಾಡಿತು. ಬಿಳಿಯಮ್ಮ ಮೆಲ್ಲಗೆ, "ನೋಡ್ದ್ಯಾ, ದೊಡ್ಡ ಕಾಯಿಲೆನೇ. ನಮ್ಮಂಥೋರ ಕೈಗೆ ನಿಲುಕೋದಲ್ಲ ಇದು," ಅಂದರು.

ವೈದ್ಯೆ ಬಾಟಲಿಯನ್ನು ಮೂಗಿಗೆ ಹಿಡಿದರು. "ಅಮ್ಮಾ, ಇದನ್ನ ಹೇಗೆ ತೊಳೆದ್ರಿ?"

"ಬ್ಲೀಚಲ್ಲಿ!" ಬಿಳಿಯಮ್ಮನ ದನಿಯಲ್ಲಿ ಹೆಮ್ಮೆಯಿತ್ತು. "ನಮ್ಮದು ಲಾಂಡ್ರಿ. ಒಂದು ಚುಕ್ಕೆ ಕಲೆ ಸಿಗಲ್ಲ ನಿಮಗೆ."

ವೈದ್ಯೆ ಬಾಯ್ತುಂಬ ನಕ್ಕರು. "ಬ್ಲೀಚಿನ ಪಸೆ ತಾಗಿದ್ರೆ ಈ ಪಟ್ಟಿ ಸುಳ್ಳು ಹೇಳುತ್ತಮ್ಮ. ಇಲ್ಲದ ಸಕ್ಕರೆ ತೋರಿಸುತ್ತೆ, ಇಲ್ಲದ ರಕ್ತ ತೋರಿಸುತ್ತೆ. ಈ ಪರೀಕ್ಷೆ ಲೆಕ್ಕಕ್ಕಿಲ್ಲ, ಬಿಡಿ. ಮರಿ ಮಲಗೋ ಹಾಸು ತಂದಿದ್ದೀರಾ?"

"ಒಗೆದು ಹಾಕ್ದೆ."

"ಹಿಂಭಾಗದ ಕೂದಲು ಒದ್ದೆ ಇತ್ತಾ?"

"ಈಗ ತಾನೇ ತೊಳೆದು ಒರೆಸ್ದೆ."

"ಸರಿಹೋಯ್ತು. ರೋಗಿನ ಕರ್ಕೊಂಡು ಬಂದ್ರಿ, ರೋಗಾನ ಮನೇಲೇ ಒಗೆದು ಬಂದ್ರಿ."

ಸೊಸೆ ಸೆರಗು ಬಾಯಿಗಿಟ್ಟುಕೊಂಡಳು. ಅತ್ತೆಗೂ ನಗು ಬಂತು, ತಡೆದುಕೊಂಡರು.

ವೈದ್ಯೆ ಬಿಳಿ ಬಟ್ಟೆಯೊಂದನ್ನು ಮೂಲೆಯಲ್ಲಿ ಹಾಸಿದರು. ಮರಿಯನ್ನು ಹೊರಗೆ ಕರೆದೊಯ್ದು ಹೊಯ್ಯಿಸಿ ತಂದು ಅದರ ಮೇಲೆ ಬಿಟ್ಟು, "ಕೂತು ನೋಡ್ತಾ ಇರಿ. ಬೈಬೇಡಿ, ಒರೆಸ್ಬೇಡಿ," ಅಂದು ಬೇರೆ ರೋಗಿಗಳ ಕಡೆ ಹೋದರು.

ಬಿಳಿಯಮ್ಮ ಕೈಕಟ್ಟಿ ಕೂತರು. ಗುಂಡಿ ಸುತ್ತು ಹಾಕಿ, ಮೂಗನ್ನು ಬಾಲದಡಿ ತುರುಕಿಕೊಂಡು ನಿದ್ದೆ ಹೋಯಿತು. ನಿದ್ದೆಯಲ್ಲೇ ಕಾಲು ಅದುರಿಸಿತು, ಕನಸಿನಲ್ಲಿ ಯಾರನ್ನೋ ಅಟ್ಟಿಸಿಕೊಂಡು ಹೋಗುತ್ತಿರಬೇಕು. ಆಗ ತೊಡೆಸಂದಿಯಿಂದ ಒಂದು ಹನಿ ಇಳಿಯಿತು. ಅದರ ಹಿಂದೆ ಇನ್ನೊಂದು. ಬಿಳಿ ಬಟ್ಟೆಯ ಮೇಲೆ ತೇವ ಮೆಲ್ಲಮೆಲ್ಲಗೆ ಹಬ್ಬಿತು. ಮರಿ ಕಣ್ಣು ಬಿಡಲಿಲ್ಲ, ಮಿಸುಕಲಿಲ್ಲ. ಉಸಿರು ಅದೇ ಲಯದಲ್ಲಿ ಏರಿಳಿಯುತ್ತಿತ್ತು.

ಇಷ್ಟು ದಿನ ಬಿಳಿಯಮ್ಮ ಕಂಡದ್ದು ಕಲೆಯನ್ನು. ಕಲೆ ಆಗುವುದನ್ನು ಕಂಡದ್ದು ಇದೇ ಮೊದಲು. ಬೈದ ಬೈಗುಳವೆಲ್ಲ ಒಂದೊಂದಾಗಿ ನೆನಪಾಯಿತು.

"ಅದಕ್ಕೆ ಗೊತ್ತೇ ಇಲ್ಲ ಕಣೇ," ಅಂದರು ಸೊಸೆಗೆ. "ಪಾಪ, ಅದಕ್ಕೆ ಗೊತ್ತೇ ಆಗ್ತಿಲ್ಲ."

ವೈದ್ಯೆ ಬಂದು ನೋಡಿ ತಲೆಯಾಡಿಸಿದರು. ಹೊಟ್ಟೆಯ ಸ್ಕ್ಯಾನಿಂಗ್ ಮಾಡಿ, ಸಣ್ಣ ಸೂಜಿಯಿಂದ ತಾವೇ ಶುದ್ಧ ಮೂತ್ರ ತೆಗೆದರು. ಈ ಸಲ ಸಕ್ಕರೆ ಇಲ್ಲ. ಆದರೆ ಸೋಂಕಿನ ಗುರುತಿತ್ತು. ಒಂದು ಕಡೆಯ ಮೂತ್ರನಾಳ ಊದಿಕೊಂಡಂತಿತ್ತು.

"ನಿಮ್ಮಂಗಡೀಲಿ ನೀರಿನ ತೊಟ್ಟಿ ಇದೆ ತಾನೇ?" ಕೇಳಿದರು. "ಎರಡು ಪೈಪಿಂದ ತೊಟ್ಟಿಗೆ ನೀರು ಬೀಳುತ್ತೆ, ಕೆಳಗೊಂದು ನಲ್ಲಿ. ನಲ್ಲಿ ಮುಚ್ಚಿದ್ರೆ ನೀರು ನಿಲ್ಲುತ್ತೆ. ಮೈಯೊಳಗೂ ಹಾಗೇ. ಎರಡು ಕಿಡ್ನಿ, ಎರಡು ನಾಳ, ಒಂದು ಮೂತ್ರದ ಚೀಲ. ಈಗ ಒಂದು ಪೈಪು ತೊಟ್ಟಿಗೆ ಬೀಳದೆ ನಲ್ಲಿಯಿಂದಾಚೆ ಹೋಗಿ ಸೇರಿದೆ ಅನ್ಕೊಳ್ಳಿ. ನಲ್ಲಿ ಎಷ್ಟು ಬಿಗಿ ಮಾಡಿದ್ರೂ?"

"ಸೋರುತ್ತೆ," ಅಂದರು ಬಿಳಿಯಮ್ಮ.

"ನಲ್ಲಿಗೆ ಬೈದ್ರೆ?"

ಬಿಳಿಯಮ್ಮ ಬಗ್ಗಿ ಮರಿಯ ತಲೆ ಸವರಿದರು.

"ಇನ್ನೊಂದು ಪೈಪು ಸರಿ ಇರೋದ್ರಿಂದ ಹೊರಗೆ ಹೋದಾಗ ಚೆನ್ನಾಗೇ ಹೊಯ್ತಾಳೆ. ಇದು ಹುಟ್ಟಿನಿಂದಲೇ ಬರೋ ದೋಷ, ಹೆಣ್ಣು ಮರಿಗಳಲ್ಲಿ ಜಾಸ್ತಿ. ನನ್ನ ಅನುಮಾನ ಇದು. ಖಚಿತ ಮಾಡ್ಕೋಬೇಕು. ಕೆಲವು ಮರಿಗಳಿಗೆ ಪೈಪು ಸರಿಯಾಗೇ ಇರುತ್ತೆ, ನಲ್ಲಿಯ ಬಿಗಿ ಸಾಲದೆ ಸೋರುತ್ತೆ. ಅದರಲ್ಲಿ ಕೆಲವು ಮೊದಲ ಬೆದೆ ಆದ್ಮೇಲೆ ಸುಧಾರಿಸ್ತವೆ. ಅದಕ್ಕೆ ಸುಮ್ಮನೆ ಊಹೆ ಮೇಲೆ ಕತ್ತರಿ ಹಾಕಲ್ಲ ನಾವು. ದೊಡ್ಡ ಆಸ್ಪತ್ರೇಲಿ ಬಣ್ಣದ ಔಷಧಿ ಕೊಟ್ಟು ಸ್ಕ್ಯಾನ್ ಮಾಡ್ತಾರೆ, ಇಲ್ಲ ಸಣ್ಣ ಕ್ಯಾಮೆರಾ ಬಿಟ್ಟು ಒಳಗೇ ನೋಡ್ತಾರೆ."

"ಆಮೇಲೆ?"

"ಮೊದಲು ಸೋಂಕಿಗೆ ಮದ್ದು. ಆಮೇಲೆ ಆಪರೇಷನ್. ದಾರಿ ತಪ್ಪಿದ ನಾಳದ ಬಾಯಿ ಚೀಲದೊಳಗೆ ತೆರೆಯೋ ಹಾಗೆ ಮಾಡ್ತಾರೆ."

"ಸೋರೋದು ಪೂರ್ತಿ ನಿಲ್ಲುತ್ತಾ ಡಾಕ್ಟ್ರಮ್ಮ? ಸುಳ್ಳು ಹೇಳ್ಬೇಡಿ."

"ಹೇಳಲ್ಲ. ಎಷ್ಟೋ ಮರಿಗಳಿಗೆ ಪೂರ್ತಿ ನಿಲ್ಲುತ್ತೆ. ಕೆಲವಕ್ಕೆ ಆಮೇಲೂ ಸ್ವಲ್ಪ ಸೋರುತ್ತೆ, ಅದಕ್ಕೆ ಮಾತ್ರೆ ಇದೆ. ಹಾಗೇ ಬಿಟ್ರೆ ಮಾತ್ರ ಸೋಂಕು ಮತ್ತೆ ಮತ್ತೆ ಬಂದು ಕಿಡ್ನಿಗೇ ಏರುತ್ತೆ."

ಬಿಳಿಯಮ್ಮ ನೀರಿನ ಬಟ್ಟಲು ಎತ್ತಿಟ್ಟ ಸಂಗತಿಯನ್ನೂ ಹೇಳಿದರು. ವೈದ್ಯೆ ಗಂಭೀರವಾದರು. "ಅದೊಂದು ಕೆಲಸ ಮಾಡ್ಬೇಡಿ. ಕುಡಿಯೋದು ನಿಂತ್ರೆ ಸೋರೋದು ನಿಲ್ಲಲ್ಲ, ಮರಿ ಒಣಗುತ್ತೆ. ಆಮೇಲೆ ತೊಡೆಸಂದಿ ನೋಡಿ, ಎಷ್ಟು ಕೆಂಪಾಗಿದೆ. ಮೂತ್ರಕ್ಕೆ ಅರ್ಧ ಬೆಂದಿದೆ, ನಿಮ್ಮ ಬಟ್ಟೆ ಸೋಪಿಗೆ ಇನ್ನರ್ಧ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ಈ ಮುಲಾಮು ಹಚ್ಚಿ. ಇಷ್ಟೇ."

ವಾಪಸು ಬಂದಾಗ ದರ್ಜಿ ಕಾಯುತ್ತಿದ್ದ. "ಏನಂದ್ರಕ್ಕಾ? ನೀರು ನಿಲ್ಲಿಸೋದೇ ಸರಿ ಅಂದ್ರಾ?"

"ನಿನ್ನ ಬಾಯಿ ನಿಲ್ಲಿಸೋಕೆ ಹೇಳಿದ್ರು," ಅಂದು ಬಿಳಿಯಮ್ಮ ಬಟ್ಟಲನ್ನು ಬಾಯಿತನಕ ತುಂಬಿಸಿ ಮರಿಯ ಮುಂದಿಟ್ಟರು. ವಸತಿಗೃಹದ ಗಂಟು ಬಂತು, ಎತ್ತರದ ಅಟ್ಟಣೆಗೆ ಏರಿತು. ಗೋದಾಮಿನ ಮಾತು ಅದರ ನಂತರ ಯಾರ ಬಾಯಲ್ಲೂ ಬರಲಿಲ್ಲ.

ದೊಡ್ಡ ಆಸ್ಪತ್ರೆಯ ಸ್ಕ್ಯಾನಿನಲ್ಲಿ ವೈದ್ಯೆಯ ಅನುಮಾನ ನಿಜವಾಯಿತು: ಎಡಗಡೆಯ ನಾಳ ದಾರಿ ತಪ್ಪಿತ್ತು. ಸೋಂಕು ಇಳಿದ ಮೇಲೆ ಆಪರೇಷನ್ ನಡೆಯಿತು. ಗುಂಡಿ ಹೊಲಿಗೆ ನೆಕ್ಕದಿರಲೆಂದು ಹಾಕಿದ ಅಗಲವಾದ ಕೊರಳಪಟ್ಟಿ ತೊಟ್ಟು, ಬಾಗಿಲಿಗೂ ಬಕೆಟಿಗೂ ಡಿಕ್ಕಿ ಹೊಡೆಯುತ್ತ ಮನೆಗೆ ಬಂತು. ಬಿಳಿಯಮ್ಮ ಅದರ ಹಾಸನ್ನು ಬದಲಿಸಿದರು. ಕಪ್ಪು ಕಂಬಳಿ ಹೋಯಿತು, ಬಿಳಿ ಬಟ್ಟೆ ಬಂತು. "ಬಣ್ಣದ್ದು ಹಾಸಿದ್ರೆ ನಮಗೆ ನಾವೇ ಮೋಸ ಮಾಡ್ಕೊಂಡ ಹಾಗೆ," ಅಂದರು. ಬೆಳಗೆದ್ದು ದೇವರಿಗೆ ಕೈಮುಗಿದವರೇ ಆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವುದು, ಕಂಡದ್ದನ್ನು ವೈದ್ಯೆಗೆ ಫೋನಿನಲ್ಲಿ ಹೇಳುವುದು. ತಟ್ಟೆಯಗಲದ ಒದ್ದೆ ನಾಣ್ಯದಗಲವಾಯಿತು. ಅಲ್ಲಿಂದ ಇಳಿಯೆನೆಂದು ಹಟ ಹಿಡಿಯಿತು. ವೈದ್ಯೆ ಮಾತ್ರೆ ಬರೆದುಕೊಟ್ಟರು.

ಒಂದು ಬೆಳಗ್ಗೆ ಬಿಳಿಯಮ್ಮ ಬಟ್ಟೆ ಎತ್ತಿ ನೋಡಿದರು. ಅಂಗೈಯಿಂದ ಸವರಿದರು. ಕೆನ್ನೆಗೊತ್ತಿ ನೋಡಿದರು. ಆಮೇಲೆ ಅದನ್ನು ಕೊಡವಿ, ಒಗೆಯದೆ, ಹಾಗೆಯೇ ಮತ್ತೆ ಹಾಸಿದರು. ಅವರ ಬಾಳಿನಲ್ಲೇ ಮೊದಲ ಸಲ. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಏನು ನೋಡ್ತೀಯ? ಒಣಗಿರೋದನ್ನ ಒಗೆಯೋಕೆ ನನಗೇನು ಹುಚ್ಚಾ?" ಅಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ.

ಓದಿದವರೇ, ಓದಿಸಿ ಕೇಳಿದವರೇ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಮರಿನಾಯಿ ಮಲಗಿದ ಜಾಗವೆಲ್ಲ ಒದ್ದೆಯಾಗುತ್ತಿದ್ದರೆ, ಅದರ ಹಿಂಭಾಗ ಸದಾ ತೇವವಾಗಿದ್ದರೆ, ಅದು ಮೊಂಡುತನವೆಂದು ತಿಳಿಯಬೇಡಿ. ಹೊಡೆಯಬೇಡಿ, ನೀರು ತಪ್ಪಿಸಬೇಡಿ, ಊರಾಚೆ ಬಿಟ್ಟು ಬರಬೇಡಿ. ಎಂದಿನಿಂದ ಸೋರುತ್ತಿದೆ, ನಿದ್ದೆಯಲ್ಲೋ ನಡೆಯುವಾಗಲೋ ಎಂದು ಗಮನಿಸಿ, ತೊಳೆದು ಒರೆಸುವ ಮೊದಲೇ ಪಶುವೈದ್ಯರ ಹತ್ತಿರ ಕರೆದೊಯ್ಯಿರಿ. ಮೂತ್ರ ಹಿಡಿಯುವ ಬಾಟಲಿಯನ್ನು ಅವರಿಂದಲೇ ಕೇಳಿ ಪಡೆಯಿರಿ. ಬಾಯಿಲ್ಲದ ಜೀವದ ಪರವಾಗಿ ಬಾಯಿ ತೆರೆದು ಹೇಳಬೇಕಾದವರು ನೀವೇ.

ಕಥೆಯಲ್ಲಿ ಇನ್ನೊಂದು ಮಾತು ಉಳಿದಿದೆ.

ಗುಂಡಿ ಬೆಳೆದು ಮೈ ತುಂಬಿಕೊಂಡು, ಕೂದಲು ಮಿರಮಿರ ಮಿಂಚುವ ಹೊತ್ತಿಗೆ ದರ್ಜಿ ಅಂಗಡಿಯ ಮೆಟ್ಟಿಲು ಹತ್ತಿ ಬಂದ. ಜೊತೆಗೆ ಅವನ ಗಂಡುನಾಯಿ. "ಅಕ್ಕಾ, ಇಷ್ಟು ಲಕ್ಷಣವಾದ ನಾಯಿ ಈ ಬೀದೀಲೇ ಇಲ್ಲ. ಇವೆರಡಕ್ಕೂ ಜೋಡಿ ಮಾಡೋಣ. ನನಗೆ ಒಂದೇ ಒಂದು ಹೆಣ್ಮರಿ ಕೊಡಿ, ಸಾಕು."

ಬಿಳಿಯಮ್ಮ ಬಟ್ಟೆ ಮಡಚುವುದನ್ನು ನಿಲ್ಲಿಸಿದರು. "ಮರಿ ಹಾಕಿಸಲ್ಲ ತಮ್ಮಾ. ಆ ದೋಷ ಹೊಟ್ಟೇಲಿ ಹುಟ್ಟೋ ಮರಿಗಳಿಗೂ ಇಳೀಬಹುದು ಅಂತ ಡಾಕ್ಟ್ರಮ್ಮ ಹೇಳಿದಾರೆ. ಅವರು ಹೇಳಿದ ಹೊತ್ತಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸ್ತೀವಿ."

"ಇಳೀಬಹುದು ಅಂದ್ರೆ ಇಳಿದೇ ಇಳಿಯುತ್ತೆ ಅಂತಲ್ಲವಲ್ಲಕ್ಕಾ. ಒಂದೇ ಒಂದು ಸಲ. ಇಷ್ಟು ವರ್ಷದ ನೆರೆಹೊರೆ, ನನ್ನ ಮಾತಿಗೆ ಅಷ್ಟೂ ಬೆಲೆ ಇಲ್ವಾ?"

"ನಿನ್ನ ಮಾತಿಗೆ ಬೆಲೆ ಇದೆ. ಇದಕ್ಕೆ ಒಪ್ಪಿಗೆ ಇಲ್ಲ. ಇವತ್ತೂ ಇಲ್ಲ, ನಾಳೆ ಬಂದು ಕೇಳಿದ್ರೂ ಇಲ್ಲ."