ಕೆಸರಿನ ತಲೆ ಯಾವುದು, ಬುಡ ಯಾವುದು

ಶುಚಿಯ ಹುಚ್ಚು ಇರಬೇಕು ನಿಜ, ಆದರೆ ಆ ಪ್ರಯೋಗಾಲಯದ ಸಹಾಯಕಿಗೆ ಇದ್ದಷ್ಟು ಇರಬಾರದು. ಸರೋವರದ ತಳದಿಂದ ಕೊರೆದು ತಂದ ಕೆಸರಿನ ಕೊಳವೆಯನ್ನು ಉದ್ದಕ್ಕೆ ಸೀಳಿ ಮೇಜಿನ ಮೇಲಿಟ್ಟಿದ್ದರು. ಅವಳು ಅದರ ಹೊರಮೈಯನ್ನು ಒದ್ದೆ ಬಟ್ಟೆಯಿಂದ ತಿಕ್ಕಿದಳು, ಮೇಜು ಒರೆಸಲೆಂದು ಅತ್ತಿತ್ತ ತಿರುಗಿಸಿದಳು. ಬಟ್ಟೆ ಹಿಂಡಿದರೆ ನೀಲಿ ನೀರು ಇಳಿಯಿತು. ಮೇಲ್ಭಾಗ ಯಾವುದೆಂದು ತೋರಿಸುತ್ತಿದ್ದ ಬಾಣದ ಗುರುತು ಅಳಿಸಿಹೋಗಿತ್ತು.

ಅವಳು ಬಗ್ಗಿ ನೋಡಿದಳು. ಕೊಳವೆಯ ಎರಡೂ ತುದಿಯಲ್ಲಿ ಗೇಣುದ್ದಕ್ಕೆ ಚಿಪ್ಪಿನ ಪದರ, ನಡುವೆ ಬರೀ ಕಪ್ಪು ಕೆಸರು. ಸಾವಿರಾರು ವರ್ಷದ ಹಿಂದೆ ಸರೋವರ ಕಡಲಿನದೇ ಒಂದು ತೋಳು. ಅಲೆಗಳು ಮರಳು ತಂದು ಬಾಯಿ ಮುಚ್ಚಿದವು, ನೀರು ಸಿಹಿಯಾಯಿತು, ಚಿಪ್ಪುಗಳು ಸತ್ತವು. ನೂರು ವರ್ಷದ ಹಿಂದೆ ಜನ ದೋಣಿಗಳಿಗೆಂದು ಕಾಲುವೆ ತೋಡಿದರು. ಉಪ್ಪುನೀರು ಮರಳಿ ಬಂತು, ಚಿಪ್ಪುಗಳೂ ಬಂದವು. ಈಗ ಯಾವ ತುದಿ ಪುರಾತನ, ಯಾವುದು ಮೊನ್ನೆಯದು? ಕೊರೆಯುವ ಯಂತ್ರ ವಾಪಸ್ಸು ಹೋಗಿಯಾಗಿತ್ತು. ಊಟ ಮುಗಿಸಿ ಬಂದ ಕೂಡಲೇ ವಿಜ್ಞಾನಿ ಮೇಡಂ ಮೇಲಿನಿಂದ ಕೆಸರು ಕತ್ತರಿಸಲು ಶುರು ಮಾಡುತ್ತಾರೆ. ತುದಿ ತಪ್ಪಿದರೆ ಸರೋವರದ ಚರಿತ್ರೆಯೇ ತಲೆಕೆಳಗು, ಅವಳ ಕೆಲಸಕ್ಕೂ ಸಂಚಕಾರ.

ಮೂವತ್ತೆಂಟರ ಹೆಂಗಸು ಫೋನಿನಲ್ಲಿ ಮಗುವಿನ ಹಾಗೆ "ಅಮ್ಮಾ, ಬೇಗ ಬಾ" ಎಂದಳು.

ಅಮ್ಮ ನಲವತ್ತು ವರ್ಷ ಆ ಸರೋವರದಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತು ಚಿಪ್ಪು ಹೆಕ್ಕಿದವರು. ಮಗಳು ಮಾತ್ರ ಇಲ್ಲಿ ಎಲ್ಲರಿಗೂ ಅಮ್ಮನದು ಹೊಲಿಗೆ ಕೆಲಸ ಎಂದು ಹೇಳಿಕೊಂಡಿದ್ದಳು. ಒಂದು ದಿನವೂ ಅವರನ್ನು ಒಳಗೆ ಕರೆದವಳಲ್ಲ.

ಅಮ್ಮ ಏದುಸಿರು ಬಿಡುತ್ತಾ ಬಂದರು. "ಏನೇ, ಯಾರಾದ್ರೂ ಬೈದ್ರಾ?"

"ಇನ್ನೂ ಇಲ್ಲ. ಇದರಲ್ಲಿ ಮೇಲೆ ಯಾವುದು ಹೇಳಮ್ಮ."

ಅಮ್ಮ ಬಗ್ಗಿ, ಮುಚ್ಚಿಕೊಂಡೇ ಇದ್ದ ಚಿಪ್ಪೊಂದರ ಸುತ್ತ ಬೆರಳಾಡಿಸಿದರು. ಆಮೇಲೆ ಇನ್ನೊಂದು. ಆ ತುದಿಗೂ ಹೋಗಿ ನೋಡಿದರು.

"ಇಷ್ಟಕ್ಕೆ ಇಷ್ಟೊಂದು ಗಾಬರೀನಾ? ಇವು ಕೆಸರಲ್ಲಿ ಮಲಗಲ್ಲ ಕಣೇ, ನಿಂತ್ಕೊಳ್ತವೆ. ಉಸಿರಾಡೋ ತುದಿ ಯಾವಾಗಲೂ ಮೇಲೆ. ಅದೇ ಚೂಪು ತುದಿ ನನ್ನ ಕಾಲಿಗೆ ಎಷ್ಟು ಸಲ ಚುಚ್ಚಿಲ್ಲ! ನೋಡು, ಎಲ್ಲಾ ಕಿಟಕಿ ಕಡೆ ತಿರುಗಿವೆ. ಕಿಟಕಿ ಕಡೆಯದೇ ಮೇಲೆ."

ಮಗಳಿಗೆ ಹೋದ ಜೀವ ಬಂತು. ಅಮ್ಮನನ್ನು ತಬ್ಬಿಕೊಳ್ಳುವಷ್ಟರಲ್ಲಿ ಮೇಡಂ ಬಾಗಿಲಲ್ಲಿ ನಿಂತಿದ್ದರು. ಅವಳು ಬಚ್ಚಿಡದೆ ಎಲ್ಲಾ ಒಪ್ಪಿಕೊಂಡಳು. ಮೇಡಂ ಭೂತಗನ್ನಡಿ ಹಿಡಿದು ಒಂದೊಂದೇ ಚಿಪ್ಪು ನೋಡಿದರು.

"ಗುರುತು ಅಳಿಸಿದ್ದಕ್ಕೆ ನಿನಗೆ ಸಂಜೆ ಬೈಗುಳ ಇದೆ," ಎಂದರು. ಆಮೇಲೆ ತಮ್ಮ ಕುರ್ಚಿಯನ್ನೇ ಎಳೆದು ಕೊಟ್ಟರು. "ಕೂತ್ಕೊಳ್ಳಿ ಅಮ್ಮ. ನೀವು ಹೇಳಿದ್ದು ಸರಿ. ವರದಿಯಲ್ಲಿ ನಿಮಗೆ ಕೃತಜ್ಞತೆ ಬರೀಬೇಕು. ನಿಮ್ಮ ಕೆಲಸ ಏನು?"

ಅಮ್ಮ ತಡವರಿಸದೆ, "ಹೊಲಿಗೆ, ಮೇಡಂ," ಎಂದರು.

ಮಗಳ ಸುಳ್ಳು ಅಮ್ಮನಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಒಂದು ಮಾತು ಆಡಿರಲಿಲ್ಲ, ಈಗಲೂ ಅವಳ ಮಾನ ಕಾಯುತ್ತಿದ್ದರು.

"ಅಲ್ಲ ಮೇಡಂ," ಎಂದಳು ಅವಳು, ಅಮ್ಮನ ಕೆಸರು ಮೆತ್ತಿದ ಕೈ ಹಿಡಿದುಕೊಂಡು. "ಚಿಪ್ಪು ಹೆಕ್ಕೋರು ಅಂತ ಬರೀರಿ. ದೊಡ್ಡ ಅಕ್ಷರದಲ್ಲಿ ಬರೀರಿ. ನನಗೆ ಅನ್ನ ಹಾಕಿದ್ದು, ಓದಿಸಿದ್ದು ಅದೇ ಕೆಲಸ."