ಗಾಜಿನಾಚೆಯ ಮೀನು

ಹೆಸರು ಹೇಳಿದರೆ ಸಿಟ್ಟಾಗುವವರು ಇನ್ನೂ ಇರುವುದರಿಂದ ಅದನ್ನು ಒಂದು ಊರು ಎಂದಷ್ಟೇ ಕರೆಯೋಣ. ಅಲ್ಲಿಯ ಅರಮನೆಯ ಗಾಜಿನ ತೊಟ್ಟಿಯಲ್ಲಿ ಕಡಲಾಚೆಯಿಂದ ಬಂದ ಒಂದು ಜೋಡಿ ಸಿಕ್ಲಿಡ್ ಮೀನುಗಳಿದ್ದವು. ಅವು ಮರಿ ಮಾಡಲೇಬೇಕೆಂದು ಅರಸನಿಗೆ ಹಟ. ಮೀನುಗಳಿಗೋ ಒಂದನ್ನೊಂದು ಕಂಡರಾಗದು. ಗಂಡು ಆಗಲೇ ಹೆಣ್ಣಿನ ಈಜುರೆಕ್ಕೆಯನ್ನು ಅರ್ಧ ಹರಿದಿತ್ತು.

"ಹೆಣ್ಣು ಸತ್ತರೆ ನಿನ್ನ ತಲೆಯೂ ಉಳಿಯುವುದಿಲ್ಲ," ಎಂದು ಅರಸ ಮೀನು ಸಾಕುವ ಕೆಂಚಪ್ಪನಿಗೆ ಹೇಳಿದ.

ಕೆಂಚಪ್ಪನಿಗೆ ಮಗಳ ಚಿಂತೆ ಹತ್ತಿತು. ತಾಯಿಯಿಲ್ಲದ ಒಬ್ಬಳೇ ಮಗಳು ಪುಟ್ಟಗೌರಿಯ ಮದುವೆ ನಿಂತುಹೋಗಿತ್ತು. ಅವರದು ಮೂಡಣ ಕೇರಿ, ಹುಡುಗನದು ಪಡುವಣ ಕೇರಿ. ನಿಶ್ಚಿತಾರ್ಥದ ದಿನವೇ ಎರಡೂ ಕೇರಿಯವರು ದೊಣ್ಣೆ ಎತ್ತಿದ್ದರು. ಆ ಮದುವೆಯನ್ನು ಕಣ್ಣಾರೆ ಕಾಣದೆ ಸಾಯಲು ಅವನಿಗೆ ಮನಸ್ಸಿರಲಿಲ್ಲ.

ಅವನು ತೊಟ್ಟಿಯ ನಡುವೆ ಒಂದು ಗಾಜು ನಿಲ್ಲಿಸಿ, ಆಚೆ ಬದಿಗೆ ಕೆರೆಯಿಂದ ತಂದ ಬಡಪಾಯಿ ಮೀನೊಂದನ್ನು ಬಿಟ್ಟ. ಅದನ್ನು ಕಂಡದ್ದೇ ತಡ, ಗಂಡು ಹೆಣ್ಣನ್ನು ಬಿಟ್ಟು ಗಾಜಿಗೆ ನುಗ್ಗಿತು. ಹೆಣ್ಣೂ ಬಂದು ಜೊತೆಗೆ ನಿಂತಿತು. ಕೆರೆಮೀನು ಹೆದರಿ ಕಲ್ಲಿನ ಹಿಂದೆ ಅಡಗಿದಾಗ ಮಾತ್ರ ಇವೆರಡರ ಕಚ್ಚಾಟ ಮತ್ತೆ ಶುರುವಾಗುತ್ತಿತ್ತು. ಕೆಂಚಪ್ಪ ಆ ಕಲ್ಲನ್ನೇ ತೆಗೆದುಬಿಟ್ಟ. ವಾರದೊಳಗೆ ಹೆಣ್ಣು ಮೊಟ್ಟೆಯಿಟ್ಟಿತು.

ಅರಸ ಬಂದು ನೋಡಿದ. "ಆಚೆಯದು ಏನು ತಪ್ಪು ಮಾಡಿದೆ?"

"ಏನೂ ಮಾಡಿಲ್ಲ ಬುದ್ಧೀ. ತಪ್ಪು ಮಾಡಿದ್ರೆ ಶಿಕ್ಷೆ ಕೊಟ್ಟು ಮುಗಿಸಬೇಕಾಗ್ತಿತ್ತು. ಇದು ಯಾವಾಗ್ಲೂ ಇರಬೇಕಲ್ಲ," ಎಂದು ಕೆಂಚಪ್ಪ ಜಾಣತನಕ್ಕೆ ತಾನೇ ನಕ್ಕ. ಅರಸ ನಗಲಿಲ್ಲ.

ಮರುದಿನ ಎರಡು ಕೇರಿಗಳು ಕೂಡುವ ಚೌಕದಲ್ಲಿ ಕಬ್ಬಿಣದ ಕಂಬಿಗಳ ಕೋಣೆ ಎದ್ದಿತು. ತಗಡಿನ ಮುಖವಾಡ ಹಾಕಿದ ಒಬ್ಬನನ್ನು ಅದರೊಳಗೆ ನೂಕಿದರು. ಎರಡೂ ಕೇರಿಗಳ ಬಾವಿಗೆ ವಿಷ ಹಾಕಲು ಬಂದವನು ಇವನೇ ಎಂದು ಡಂಗುರ ಸಾರಿದರು. ಕೆಂಚಪ್ಪ ಮೀನು ತರಲು ಕಡಲಾಚೆ ಹೋಗಿದ್ದಾನೆಂದು ಪುಟ್ಟಗೌರಿಗೆ ತಿಳಿಸಿದರು.

"ಮಗಳ ಮದುವೆ ನಾನೇ ಮಾಡಿಸುತ್ತೇನೆ," ಎಂದು ಮುಖವಾಡ ತೊಡಿಸುವ ಮುನ್ನ ಕೆಂಚಪ್ಪನಿಗೆ ಹೇಳಿದ್ದ ಅರಸ. "ನೀನು ಹೆಸರು ಹೇಳಿದರೆ ಅವಳು ವಿಷ ಹಾಕುವವನ ಮಗಳಾಗುತ್ತಾಳೆ."

ಕೆಂಚಪ್ಪ ಬಾಯಿ ಬಿಡಲಿಲ್ಲ. ಎರಡೂ ಕೇರಿಯವರು ಭುಜಕ್ಕೆ ಭುಜ ತಾಗಿಸಿ ನಿಂತು ಅವನಿಗೆ ಉಗಿದರು. ತಿಂಗಳೊಳಗೆ ಮದುವೆಯೂ ಆಯಿತು.

ಮೆರವಣಿಗೆ ಚೌಕಕ್ಕೆ ಬಂದಾಗ ಅವನು ಅಳು ತಡೆಯಲಾಗದೆ ಮೂಲೆಯ ಕತ್ತಲಲ್ಲಿ ಮುದುರಿ ಕೂತಿದ್ದ. ಯಾವ ಕೇರಿಯ ಓಲಗ ಮುಂದೆ ಹೋಗಬೇಕೆಂದು ಹೊರಗೆ ಮಾತು ಬೆಳೆಯಿತು. ಯಾರೋ ಯಾರನ್ನೋ ತಳ್ಳಿದರು. ದೊಣ್ಣೆಗಳು ಮೇಲೆದ್ದವು. ನಡುವೆ ಬಾಸಿಂಗ ಕಟ್ಟಿಕೊಂಡ ಪುಟ್ಟಗೌರಿ ಬೆದರಿ ನಿಂತಿದ್ದಳು.

ತಾನು ಅಡಗಿದ್ದೇ ತಪ್ಪಾಯಿತೆಂದು ಕೆಂಚಪ್ಪನಿಗೆ ಥಟ್ಟನೆ ಹೊಳೆಯಿತು. ಎದ್ದು ಓಡಿಬಂದು ಕಂಬಿ ಹಿಡಿದು ಅಲುಗಾಡಿಸಿ, ಮೃಗದ ಹಾಗೆ ಅರಚಿದ.

"ಅಗೋ, ವಿಷದವನು!"

ದೊಣ್ಣೆಗಳು ಇಳಿದವು, ಕೈಗಳು ಕಲ್ಲು ಹುಡುಕಿದವು. ಮದುಮಗ ಒಂದು ಕಲ್ಲನ್ನು ಆರಿಸಿ ಹೆಂಡತಿಯ ಕೈಗಿಟ್ಟ. ಅವಳ ಏಟು ತಗಡಿನ ಹಣೆಗೇ ಬಿತ್ತು. ಎರಡೂ ಕೇರಿಯವರು ಒಟ್ಟಿಗೆ ನಕ್ಕರು, ಎರಡೂ ಓಲಗಗಳು ಒಟ್ಟಿಗೆ ಹೊರಟವು.

ಮೆರವಣಿಗೆ ತಿರುವು ದಾಟುವವರೆಗೂ ಕೆಂಚಪ್ಪ ಕಂಬಿ ಬಿಟ್ಟು ಕದಲಲಿಲ್ಲ.