ಹೊರಗಿನ ಕೈ

ಎಡಗಡೆ ಬಾಗಿಲಿನ ಬಣ್ಣ ಮಾತ್ರ ಮಾಸಿದೆ, ಬಲಗಡೆಯದು ಹೊಸದರಂತೆ ಹೊಳೆಯುತ್ತಿದೆ, ಅಂದರೆ ಈ ಕಾರು ಯಾರದೋ ಮನೆ ಮುಂದೆ ವರ್ಷಗಟ್ಟಲೆ ಒಂದೇ ಮಗ್ಗುಲಿಗೆ ಬಿಸಿಲುಂಡು ನಿಂತಿತ್ತು, ಪಾಪ, ಎಂದುಕೊಂಡಳು ಅಮೃತಾ ಗಾಜಿನ ಈಚೆಯಿಂದ — ಇನ್ನು ಕೊಟ್ಟೂರಿನಿಂದ ಹಡಗಲಿ ಆಸ್ಪತ್ರೆಗೆ ದಿನಾ ಓಡಬೇಕು ನೋಡವ್ವಾ ನೀನು, ನರ್ಸಮ್ಮನ ಗಾಡಿ, ನಿಲ್ಲಲಿಕ್ಕೆ ಪುರುಸೊತ್ತು ಸಿಗುವುದಿಲ್ಲ — ಮೇಜಿನ ಆಚೆ ಸಂಜೀವ, ಹರಪನಹಳ್ಳಿಯ ಈ ಹಳೇ ಕಾರಿನ ಅಂಗಡಿಯವನು, ಹಿಡಿದ ಮಾತು ಬಿಟ್ಟಿಲ್ಲ, ಕಾಗದ ಮುಂದೆ ತಳ್ಳಿದ್ದಾನೆ, ಮೇಡಂ ಕಾರೇನೋ ನಿಮ್ದಾತು, ಎಕ್ಸ್‌ಟೆಂಡೆಡ್ ವಾರಂಟಿ ಒಂದು ಮಾಡಿಸ್ಬಿಡ್ರಿ, ಎರಡು ವರ್ಷ ಇಂಜಿನ್ನಿಗೆ, ಗೇರ್‌ಬಾಕ್ಸಿಗೆ ಏನಾದ್ರೂ ಕಂಪನಿಯವ್ರೇ ನೋಡ್ಕೊಂತಾರೆ, ಒಂದೇ ಕಂಡೀಷನ್ನು, ಹೊರಗಿನ ಮೆಕ್ಯಾನಿಕ್ ಕೈ ಹಚ್ಚಂಗಿಲ್ಲ. ಹೊರಗಿನ ಮೆಕ್ಯಾನಿಕ್ಕು! ಇವನಿಗೇನು ಗೊತ್ತು, ಹೊರಗೆ ಆ ಕಾರನ್ನು ಸುತ್ತು ಹಾಕುತ್ತಿರುವ ಬಿಳಿ ಅಂಗಿಯ ಮುದುಕ ಮರುಳಪ್ಪ, ಕೊಟ್ಟೂರಿನ ಅರ್ಧ ಗಾಡಿಗಳ ಹೊಟ್ಟೆ ಕೊಯ್ದು ಹೊಲಿದವನು, ಅವಳ ಅಪ್ಪ — ಎಲಾ ಇವನ, ಇಸ್ತ್ರಿ ಅಂಗಿ ತೊಟ್ಟು, ಕೈ ಹಿಂದೆ ಕಟ್ಟಿಕೊಂಡು, ಹೆಣ್ಣು ನೋಡಲು ಬಂದ ಬೀಗರ ಗತ್ತು ನೋಡು ಅವನದು — ಒಂದು ಕಾಲಕ್ಕೆ ಆ ಕೈಗಳೇ ಅವಳನ್ನು ಜೀಪಿನ ಮಡ್‌ಗಾರ್ಡಿನ ಮೇಲೆ ಕೂರಿಸುತ್ತಿದ್ದವು, ಕಣ್ಣು ಮುಚ್ಚು ಯವ್ವಾ, ಇಂಜಿನ್ ಏನಂತೈತಿ ಕೇಳು, ಕೆಮ್ಮತೈತೋ ಬಿಕ್ಕತೈತೋ, ಅವಳು ಬಿಕ್ಕತೈತಿ ಎಂದರೆ ಊರೆಲ್ಲ ಕೇಳುವಂತೆ ನಗುವುದು, ಅವಳು ನರ್ಸಾದ ಮೇಲೆ ಸಿಕ್ಕಸಿಕ್ಕವರಿಗೆ ಹೇಳುವುದು, ನಾ ಕಬ್ಬಿಣದ ಡಾಕ್ಟ್ರು, ನನ್ನ ಮಗಳು ಮನುಷ್ಯಾರ ಡಾಕ್ಟ್ರು, ಡಾಕ್ಟರಲ್ಲಪ್ಪಾ ನರ್ಸು, ಎರಡೂ ಒಂದೇ ಬಿಡು, ಎಷ್ಟು ಸೋಪು ಹಚ್ಚಿ ತೊಳೆದರೂ ಅವನು ಮುರಿದುಕೊಟ್ಟ ರೊಟ್ಟಿಗೆ ಸಣ್ಣಗೆ ಆಯಿಲ್ ವಾಸನೆ, ಅದಿಲ್ಲದ ರೊಟ್ಟಿ ಇವತ್ತಿಗೂ ಅವಳಿಗೆ ಸಪ್ಪೆ.

ವಾರಂಟಿ ಅಂದರೆ ಊರು ನಕ್ಕೀತು, ಮರುಳಪ್ಪನ ಮಗಳಿಗೂ ವಾರಂಟಿ ಬೇಕಾತೇನು, ಮನ್ಯಾಗ ಬಾವಿ ಇಟ್ಕೊಂಡು ನೀರು ಕೊಂಡಂಗಾತು — ನಗಲಿ, ನಗುವವರಿಗೆ ಅಪ್ಪನ ಗೆಳೆಯ ವೀರಭದ್ರಯ್ಯನವರ ಕಾರಿನ ಸುದ್ದಿ ಗೊತ್ತಿಲ್ಲ, ಗ್ಯಾರೇಜು ಮುಚ್ಚಿದರೂ ಅಪ್ಪ ಗೆಳೆಯರ ಗಾಡಿಗೆ ಕೈ ಹಾಕುವುದು ಬಿಟ್ಟಿರಲಿಲ್ಲ, ಹೋದ ತಿಂಗಳು ಅವರ ಕಾರಿನ ಮುಂದಿನ ಗಾಲಿ ಬಿಚ್ಚಿ ಹಾಕಿದ, ನಟ್ಟು ಬಿಗಿ ಮಾಡುವುದನ್ನೇ ಮರೆತ, ಕೂಡ್ಲಿಗಿ ದಾರಿಯಲ್ಲಿ ಗಾಲಿ ತೊನೆದಾಡಿತು, ಒಳಗೆ ಮೊಮ್ಮಕ್ಕಳಿದ್ದವು, ದೇವರು ದೊಡ್ಡವನು, ಆ ಪುಣ್ಯಾತ್ಮ ಅಪ್ಪನ ಹತ್ತಿರ ಹೋಗಲೇ ಇಲ್ಲ, ಇವಳನ್ನು ಆಸ್ಪತ್ರೆಯಲ್ಲಿ ಕಂಡು ಮೆತ್ತಗೆ ಹೇಳಿ ಹೋದರು, ನಿಮ್ಮಪ್ಪಗ ಅನ್ನಬ್ಯಾಡವ್ವ, ಭಾಳ ನೊಂದ್ಕೊಂತಾನ, ಆದ್ರ ಇನ್ನ ಸಾಕು ಮಾಡಸು. ಹೆಂಗೆ ಸಾಕು ಮಾಡಿಸುವುದು? ಊಟಕ್ಕೆ ಕೂತಾಗಲೆಲ್ಲ ಮಾತು ಗಂಟಲಿಗೆ ಬಂದು ತುತ್ತಿನ ಜೊತೆ ಒಳಗೇ ಹೋಯಿತು, ಅವನೋ, ಕಾರು ತಗೊಳ್ಳುವುದು ಖಾತ್ರಿಯಾದ ದಿನವೇ ಪಾನಾ, ಸ್ಪ್ಯಾನರುಗಳನ್ನೆಲ್ಲ ಎಣ್ಣೆ ಹಚ್ಚಿ ಒರೆಸಿ ಅವ್ವನ ಹಳೇ ಸೀರೆಯಲ್ಲಿ ಸುತ್ತಿಟ್ಟ, ಮಗಳ ಗಾಡಿ, ನಾನೇ ನೋಡ್ಕೊಂತೀನಿ — ಈಗ ಈ ಕಂಡೀಷನ್ನು ತಾನಾಗಿ ಬಂದು ಬಾಗಿಲು ತಟ್ಟುತ್ತಿದೆ, ಸುಳ್ಳೂ ಅಲ್ಲ, ಅಪ್ಪಾ ನೀ ಮುಟ್ಟಿದ್ರ ವಾರಂಟಿ ಹೋಗ್ತೈತಿ ಅಂದರೆ ಮುಗಿಯಿತು, ಕಂಪನಿಯನ್ನು ಬೈದುಕೊಂಡು ಸುಮ್ಮನಾಗುತ್ತಾನೆ, ಆದರೆ ಸ್ವಂತ ಅಪ್ಪನಿಗೆ ಹೊರಗಿನವನು ಅಂತ ಸಹಿ ಹಾಕುವುದು ಹೇಗೆ, ಹಾಕದಿದ್ದರೆ ಬೆಳಗಿನ ಹೊತ್ತು ಹಡಗಲಿ ರಸ್ತೆಯಲ್ಲಿ ಆ ಗಾಲಿ, ಅಯ್ಯೋ.

ಬಂದೇಬಿಟ್ಟ ಅಪ್ಪ, ಬಾಗಿಲು ನೂಕಿಕೊಂಡು, ಏನಂತೈತಪಾ ನಿನ್ನ ಕಾಗದ, ಇಸಿದುಕೊಂಡು ತೋಳುದ್ದ ದೂರ ಹಿಡಿದು ಶಾಲೆ ಹುಡುಗನ ಹಾಗೆ ಒಂದೊಂದೇ ಅಕ್ಷರ ಓದುತ್ತಿದ್ದಾನೆ, ಹೊರಗಿನವರು ಅಂದ್ರ ನಾನೂ ಬಂದ್ನೇನು, ಸಂಜೀವ ಹಲ್ಲು ಕಿರಿದ, ಕಂಪನಿ ರೂಲ್ಸ್ ಯಜಮಾನ್ರೇ, ಅಷ್ಟರಲ್ಲಿ ಅವಳ ಬಾಯಿಂದ ಜಾರಿಹೋಯಿತು, ಬ್ಯಾಡ ಬಿಡಪ್ಪಾ, ನೀನೇ ನೋಡ್ಕೊ — ಛೀ, ಎಂಥ ಮೊದ್ದು ನಾನು, ತಿಂಗಳಿಡೀ ಕಾದ ಮಾತನ್ನು ಪ್ರೀತಿ ಬಂದು ಕೆಡಿಸಿತಲ್ಲ — ಅಪ್ಪ ಅವಳನ್ನೇ ನೋಡಿದ, ನಕ್ಕ, ಮಾಡಸಲೇ ಹುಚ್ಚಿ, ಎರಡು ವರ್ಷದ್ದು ಯಾಕ, ಮೂರು ವರ್ಷದ್ದು ಐತೇನು ಕೇಳು, ವೀರಭದ್ರಯ್ಯ ಈಗ ನಮ್ಮ ಮನಿಗೆ ಚಾ ಕುಡಿಯಾಕ ನಡಕೊಂಡೇ ಬರ್ತಾನ, ಗಾಡಿ ತರಂಗಿಲ್ಲ, ನನಗ ಕಣ್ಣಿಲ್ಲೇನ, ನಾನೇನು ಕುಡ್ಡನೇನ?

ಕಾಗದ ಮೇಜಿನ ಮೇಲಿಟ್ಟು ಹೊರಗೆ ಹೋದ, ಇಂಜಿನ್ ಚಾಲೂ ಮಾಡಪಾ ಒಂದೀಟು ಎಂದು ಅಂಗಡಿಯ ಡ್ರೈವರನಿಗೆ ಹೇಳಿದ, ಬಾನೆಟ್ಟನ್ನೂ ಅವನ ಕೈಯಲ್ಲೇ ಎತ್ತಿಸಿದ, ಬಗ್ಗಿ ಕಿವಿಗೊಟ್ಟ, ಇಷ್ಟು ಹೊತ್ತು ಅಷ್ಟೊಂದು ಸುತ್ತು ಹಾಕಿದನಲ್ಲ, ಒಂದು ಸಲವೂ ಮುಟ್ಟಲಿಲ್ಲ, ಗತ್ತು ಅಂದುಕೊಂಡಿದ್ದಳಲ್ಲ, ಸಹಿ ಇಲ್ಲಿ ಮೇಡಂ, ಹೂಂ, ಹಾಕಿದಳು, ಇಲ್ಲೊಂದು, ಹೂಂ — ಗಾಜಿನಾಚೆ ಅಪ್ಪನ ಬೆನ್ನ ಹಿಂದೆ, ಬಿಳಿ ಅಂಗಿಯ ಮೇಲೆ, ಎಡಗೈಯ ಮಣಿಕಟ್ಟನ್ನು ಬಲಗೈ ಬಿಗಿಯಾಗಿ, ನಟ್ಟು ಬಿಗಿದಷ್ಟು ಬಿಗಿಯಾಗಿ ಹಿಡಿದುಕೊಂಡಿತ್ತು, ಇನ್ನೊಂದು ಸಹಿ ಮೇಡಂ — ಆ ಕೈಗಳು, ಒಂದನ್ನೊಂದು ಬಿಡದೆ ಹಿಡಿದುಕೊಂಡ ಆ ಕೈಗಳು